1986ರ ಪೋರ್ಷೆ 944 ಕೊಂಡಿದ್ದೇನೆ, ಮೊದಲು ಯಾವುದಕ್ಕೆ ಕೈ ಹಾಕಲಿ?

ಪ್ರಶ್ನೆ: ಸರ್, ಬಹಳ ವರ್ಷಗಳ ಆಸೆ ಕೈಗೂಡಿದೆ. 1986ರ ಪೋರ್ಷೆ 944 ಕೊಂಡಿದ್ದೇನೆ. ಟರ್ಬೊ ಅಲ್ಲ, ಸಾದಾ 2.5 ಲೀಟರ್ ಎಂಜಿನ್, ಮ್ಯಾನುಯಲ್ ಗೇರ್. ಮೀಟರ್‌ನಲ್ಲಿ 92,000 ಕಿ.ಮೀ. ತೋರಿಸುತ್ತಿದೆ. ಕೊನೆಯ ನಾಲ್ಕು ವರ್ಷ ಕಾರು ಹೆಚ್ಚಾಗಿ ಷೆಡ್‌ನಲ್ಲೇ ನಿಂತಿತ್ತಂತೆ. ‘ಟೈಮಿಂಗ್ ಬೆಲ್ಟ್ ಹಾಕಿಸಿದ್ದೇನೆ’ ಅಂತ ಹಿಂದಿನ ಮಾಲೀಕರು ಹೇಳಿದರು, ಬಿಲ್ ಸಿಗಲಿಲ್ಲ. ಎಂಜಿನ್ ಸದ್ದು ಚೆನ್ನಾಗಿದೆ, ಹೊಗೆ ಇಲ್ಲ. ಆಯಿಲ್ ಬದಲಿಸಿ ಒಂದು ಲಾಂಗ್ ಡ್ರೈವ್ ಹೋಗಿ, ಕಾರು ಏನು ಹೇಳುತ್ತದೆ ನೋಡಿ, ಆಮೇಲೆ ರಿಪೇರಿ ಮಾಡಿಸೋಣ ಅಂದುಕೊಂಡಿದ್ದೇನೆ. ಸರಿನಾ? ಸ್ವಲ್ಪ ಗಟ್ಟಿ ಆಯಿಲ್ ಹಾಕಿದರೆ ಹಳೆಯ ಎಂಜಿನ್‌ಗೆ ಒಳ್ಳೆಯದಾ? ಪವರ್ ಚಿಪ್ ಹಾಕಿಸಬಹುದಾ?

ಉತ್ತರ: ಅಭಿನಂದನೆ, ಒಳ್ಳೆಯ ಕಾರನ್ನೇ ಆರಿಸಿದ್ದೀರಿ. ಆದರೆ ಲಾಂಗ್ ಡ್ರೈವ್ ಸದ್ಯಕ್ಕೆ ಬೇಡ. ನನ್ನನ್ನು ಕೇಳಿದರೆ ಗ್ಯಾರೇಜ್‌ಗೂ ಅದನ್ನು ಓಡಿಸಿಕೊಂಡು ಹೋಗಬೇಡಿ, ಸಾಧ್ಯವಿದ್ದರೆ ಲಾರಿ ಮೇಲೆ ಹಾಕಿ ಕಳಿಸಿ. ಸುಮ್ನೆ ಹೆದರಿಸುತ್ತಿಲ್ಲ. ‘ಬೆಲ್ಟ್ ಹಾಕಿಸಿದ್ದೇನೆ ಅಂದರು, ಬಿಲ್ ಸಿಗಲಿಲ್ಲ’ ಎಂದು ಬರೆದಿದ್ದೀರಲ್ಲ, ನನಗೆ ಚಿಂತೆ ಶುರುವಾಗಿದ್ದೇ ಅಲ್ಲಿ.

ಕಾರು ಏನು ಹೇಳುತ್ತದೆ ನೋಡೋಣ ಅನ್ನುವುದು ಬಹಳಷ್ಟು ಭಾಗಗಳ ವಿಷಯದಲ್ಲಿ ಸರಿ. ಬ್ರೇಕ್ ಪ್ಯಾಡ್ ಸವೆದರೆ ಕಿರ್ರ್ ಅನ್ನುತ್ತದೆ. ವೀಲ್ ಬೇರಿಂಗ್ ಹೋದರೆ ಗುಂಯ್‌ಗುಡುತ್ತದೆ. ಟೈಮಿಂಗ್ ಬೆಲ್ಟ್ ಮಾತ್ರ ಬಾಯಿ ಬಿಡುವುದಿಲ್ಲ. ಕಡಿಯುವ ಹಿಂದಿನ ಕ್ಷಣದವರೆಗೂ ಎಂಜಿನ್ ಸದ್ದು ಚೆನ್ನಾಗಿಯೇ ಇರುತ್ತದೆ.

ಕಡಿದರೆ ಏನಾಗುತ್ತದೆ ಅನ್ನುವುದು ಯಾವ ಎಂಜಿನ್ ಅನ್ನುವುದರ ಮೇಲೆ ನಿಂತಿದೆ. ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ 1.6 ಲೀಟರ್ ಎಂಜಿನ್‌ನಲ್ಲಿ ಬೆಲ್ಟ್ ಕಡಿದರೆ ಕಾರು ನಿಂತುಬಿಡುತ್ತದೆ ಅಷ್ಟೇ. ಹೊಸ ಬೆಲ್ಟ್ ಹಾಕಿದರೆ ಮತ್ತೆ ಹೊರಡುತ್ತದೆ. ನಿಮ್ಮ 944 ಹಾಗಲ್ಲ. ಇದರಲ್ಲಿ ಪಿಸ್ಟನ್ ಏರಿ ಬರುವ ಜಾಗಕ್ಕೇ ವಾಲ್ವ್ ಇಳಿದು ಬರುತ್ತದೆ. ಎರಡೂ ಒಂದೇ ಹೊತ್ತಿಗೆ ಅಲ್ಲಿ ಸೇರದಂತೆ ನೋಡಿಕೊಳ್ಳುವುದು ಆ ರಬ್ಬರ್ ಬೆಲ್ಟ್. ಅದು ಕಡಿದರೆ, ಇಲ್ಲವೇ ಕೆಲವು ಹಲ್ಲು ಜಾರಿದರೆ, ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಹೆಡ್ ಇಳಿಸಬೇಕು, ವಾಲ್ವ್ ಹಾಕಬೇಕು, ಕೆಲವೊಮ್ಮೆ ಪಿಸ್ಟನ್ ಕೂಡ. ಬೆಲ್ಟ್ ಕೆಲಸಕ್ಕೆ ಆಗುವ ಖರ್ಚು ಇದರ ಮುಂದೆ ಏನೂ ಅಲ್ಲ.

ಹಳೆಯ ಕಾರಿನ ಲೆಕ್ಕದಲ್ಲಿ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ತಾರೀಖು ಮತ್ತು ಕಿಲೋಮೀಟರ್ ಬರೆದ ಬಿಲ್ ಇದ್ದರೆ ಕೆಲಸ ಆಗಿದೆ, ಇಲ್ಲದಿದ್ದರೆ ಆಗಿಲ್ಲ. ಮಾಲೀಕರು ಸುಳ್ಳು ಹೇಳಿದ್ದಾರೆ ಎಂದಲ್ಲ. ಅವರು ಹೇಳಿದ್ದು ನಿಜವೇ ಇರಬಹುದು, ಆದರೆ ಯಾವ ವರ್ಷ ಹಾಕಿಸಿದ್ದು? ರಬ್ಬರ್ ಓಡಿದರೂ ಹಳತಾಗುತ್ತದೆ, ನಿಂತರೂ ಹಳತಾಗುತ್ತದೆ. ನಿಂತ ಕಾರಿನಲ್ಲಿ ಬೆಲ್ಟ್ ರೋಲರ್‌ಗಳ ಮೇಲೆ ಒಂದೇ ಜಾಗದಲ್ಲಿ ಬಾಗಿ ಕೂತಿರುತ್ತದೆ, ಅದೂ ಒಳ್ಳೆಯದಲ್ಲ. 944 ಇಟ್ಟುಕೊಂಡವರಲ್ಲಿ ಸುಮಾರು 48,000 ಕಿ.ಮೀ. ಅಥವಾ ನಾಲ್ಕೈದು ವರ್ಷ, ಯಾವುದು ಮೊದಲೋ ಆಗ ಬೆಲ್ಟ್ ಬದಲಿಸುವ ರೂಢಿ ಇದೆ. ವರ್ಷಕ್ಕೆ ಸ್ವಲ್ಪವೇ ಓಡಿಸುವವರಿಗೆ ಯಾವಾಗಲೂ ಮೊದಲು ಮುಗಿಯುವುದು ವರ್ಷದ ಲೆಕ್ಕ.

ಕಿಲೋಮೀಟರ್ ಅಂದ ಕೂಡಲೇ ಇನ್ನೊಂದು ಮಾತು. ನಿಮ್ಮ ಮೀಟರ್ ತೋರಿಸುವ 92,000 ಅನ್ನು ಪೂರ್ತಿ ನಂಬಬೇಡಿ. ಈ ಕಾರಿನ ಓಡೋಮೀಟರ್ ಒಳಗೆ ಸಣ್ಣ ಪ್ಲಾಸ್ಟಿಕ್ ಗೇರ್ ಇದೆ, ಅದು ವಯಸ್ಸಾಗಿ ಮುರಿಯುವುದು 944ರಲ್ಲಿ ತೀರಾ ಸಾಮಾನ್ಯ. ಸ್ಪೀಡೋಮೀಟರ್ ಮುಳ್ಳು ಸರಿಯಾಗಿ ಆಡುತ್ತಿರುತ್ತದೆ, ಕೆಳಗಿನ ಅಂಕಿ ಮಾತ್ರ ಅಲ್ಲೇ ನಿಂತಿರುತ್ತದೆ. ಯಾರೂ ಗಮನಿಸದೆ ವರ್ಷಗಟ್ಟಲೆ ಓಡಿಸಿರುತ್ತಾರೆ. ಮುಂದೆ ರಸ್ತೆಗಿಳಿದಾಗ ಫೋನ್‌ನ ಜಿಪಿಎಸ್ ಜೊತೆ ಹತ್ತು ಕಿಲೋಮೀಟರ್ ಹೋಲಿಸಿ ನೋಡಿ. ಅಂಕಿ ಅಲುಗದಿದ್ದರೆ ಆ 92,000ಕ್ಕೆ ಅರ್ಥವೇ ಇಲ್ಲ. ಗೇರ್ ಬಿಡಿಯಾಗಿ ಸಿಗುತ್ತದೆ, ಹಾಕಿಸಿಬಿಡಿ, ಇಲ್ಲದಿದ್ದರೆ ಮುಂದಿನ ಸರ್ವೀಸ್ ಲೆಕ್ಕವೂ ತಪ್ಪುತ್ತದೆ.

ಈಗ ಬೆಲ್ಟ್ ಕೆಲಸಕ್ಕೆ ಬರೋಣ. ಮುಂದಿನ ಕವರಿನೊಳಗೆ ಎರಡು ಬೆಲ್ಟ್ ಇವೆ. ಒಂದು ಕ್ಯಾಮ್‌ಶಾಫ್ಟ್‌ನದು, ಅಂದರೆ ವಾಲ್ವ್‌ಗಳನ್ನು ತೆರೆಯುವ ಶಾಫ್ಟ್‌ನದು; ಇಷ್ಟು ಹೊತ್ತು ಟೈಮಿಂಗ್ ಬೆಲ್ಟ್ ಅಂದದ್ದು ಇದನ್ನೇ. ವಾಟರ್ ಪಂಪ್ ತಿರುಗುವುದೂ ಅದರಿಂದಲೇ. ಇನ್ನೊಂದು ಬ್ಯಾಲೆನ್ಸ್ ಶಾಫ್ಟ್‌ಗಳದು. ಇಷ್ಟು ದೊಡ್ಡ ನಾಲ್ಕು ಸಿಲಿಂಡರ್ ಎಂಜಿನ್ ಅದುರುವುದು ಸಹಜ. ಅದನ್ನು ಅಡಗಿಸಲು ಎರಡು ಶಾಫ್ಟ್‌ಗಳು ಎಂಜಿನ್‌ನ ಎರಡರಷ್ಟು ವೇಗದಲ್ಲಿ ಒಂದಕ್ಕೊಂದು ಎದುರಾಗಿ ತಿರುಗುತ್ತವೆ. ಇದರ ಪೇಟೆಂಟ್ ಮಿತ್ಸುಬಿಷಿಯದು, ಪೋರ್ಷೆ ಲೈಸೆನ್ಸ್ ಪಡೆದು ಬಳಸಿತು. ಬ್ಯಾಲೆನ್ಸ್ ಬೆಲ್ಟ್ ಕಡಿದರೆ ಎಂಜಿನ್ ಸ್ವಲ್ಪ ಅದುರುತ್ತದೆ ಅಷ್ಟೇ ತಾನೇ ಎಂದು ಕೆಲವರು ಅದನ್ನು ಹಳೆಯದನ್ನೇ ಬಿಡುತ್ತಾರೆ. ತಪ್ಪು. ಕಡಿದ ಬೆಲ್ಟ್‌ನ ಚೂರು ಪಕ್ಕದ ಕ್ಯಾಮ್ ಬೆಲ್ಟ್‌ಗೆ ಸಿಕ್ಕಿದರೆ ಅದನ್ನೂ ಎಳೆದು ಹಾಕುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಿ.

ಬೆಲ್ಟ್ ಜೊತೆಗೆ ಅದು ಹಾದು ಹೋಗುವ ರೋಲರ್‌ಗಳು. ಜೊತೆಗೆ ವಾಟರ್ ಪಂಪ್. ಜೊತೆಗೆ ಮುಂಭಾಗದ ಆಯಿಲ್ ಸೀಲ್‌ಗಳು: ಕ್ರ್ಯಾಂಕ್‌ನದು (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್), ಕ್ಯಾಮ್‌ನದು, ಬ್ಯಾಲೆನ್ಸ್ ಶಾಫ್ಟ್‌ಗಳದು. ಇಲ್ಲಿ ದುಡ್ಡು ಉಳಿಸಲು ಹೋಗುವವರು ಜಾಸ್ತಿ, ಆಮೇಲೆ ಅಳುವವರೂ ಅವರೇ. ಸೀಲ್ ಸಣ್ಣ ವಸ್ತು, ಆದರೆ ಅದು ಸೋರಿದರೆ ಆಯಿಲ್ ಬೀಳುವುದು ನೇರವಾಗಿ ಹೊಸ ಬೆಲ್ಟ್ ಮೇಲೆ. ಆಯಿಲ್ ಕುಡಿದ ರಬ್ಬರ್ ಊದಿ ಮೆತ್ತಗಾಗುತ್ತದೆ. ವಾಟರ್ ಪಂಪ್‌ನ ಬೇರಿಂಗ್ ಹಿಡಿದುಕೊಂಡರೆ ಬೆಲ್ಟ್ ಹೋಗುತ್ತದೆ, ಬೆಲ್ಟ್ ಹೋದರೆ ವಾಲ್ವ್ ಹೋಗುತ್ತವೆ. ಹಾಗಾಗಿ ಇದನ್ನು ಬೆಲ್ಟ್ ಬದಲಿಸುವ ಕೆಲಸ ಅನ್ನದೆ ಎಂಜಿನ್‌ನ ಮುಂಭಾಗ ಪೂರ್ತಿ ಹೊಸದು ಮಾಡುವ ಕೆಲಸ ಅಂದುಕೊಂಡು ಬಜೆಟ್ ಹಾಕಿ.

ಮೆಕ್ಯಾನಿಕ್‌ಗೆ ಕೇಳಬೇಕಾದ ಮುಖ್ಯ ಪ್ರಶ್ನೆ: ‘ಬೆಲ್ಟ್ ಬಿಗಿ ಹೇಗೆ ಅಳೆಯುತ್ತೀರಿ?’ 1987ರ ಮಾಡೆಲ್‌ನಿಂದ ಬೆಲ್ಟನ್ನು ಬಿಗಿಯಾಗಿ ಹಿಡಿಯುವ, ಸ್ಪ್ರಿಂಗ್ ಇರುವ ಟೆನ್ಷನರ್ ಬಂತು. ನಿಮ್ಮದು 1986, ಕೈಯಿಂದಲೇ ಬಿಗಿ ಮಾಡಬೇಕು. ಪೋರ್ಷೆ ಇದಕ್ಕೆ 9201 ಎಂಬ ನಂಬರಿನ ಗೇಜ್ ಮಾಡಿಸಿತ್ತು. ಬೆಲ್ಟನ್ನು ಬೆರಳಲ್ಲಿ ತಿರುಚಿ ‘ಸಾಕು’ ಅನ್ನುವವರೂ ಇದ್ದಾರೆ. ಅನುಭವಿಗಳ ಕೈಯಲ್ಲಿ ಅದು ನಡೆದೀತು, ಆದರೆ ನಾನು ಗೇಜ್ ಇರುವ ಕಡೆಗೇ ಹೋಗುತ್ತೇನೆ. ಸಡಿಲವಾದರೆ ಹಲ್ಲು ಜಾರುತ್ತದೆ. ಅತಿ ಬಿಗಿಯಾದರೆ ವಾಟರ್ ಪಂಪ್ ಮತ್ತು ರೋಲರ್‌ಗಳ ಬೇರಿಂಗ್ ತಿನ್ನುತ್ತದೆ, ಎಂಜಿನ್ ಓಡುವಾಗ ಸಣ್ಣಗೆ ಊಳಿಡುವ ಸದ್ದು ಬರುತ್ತದೆ. ಬಿಗಿ ನೋಡುವುದು ಎಂಜಿನ್ ತಣ್ಣಗಿರುವಾಗ ಮಾತ್ರ. ಬಿಸಿಯಾದರೆ ಅಲ್ಯೂಮಿನಿಯಂ ಹಿಗ್ಗಿ ಅಳತೆ ತಪ್ಪುತ್ತದೆ. ಹೊಸ ಬೆಲ್ಟ್ ಮೊದಲ ಕೆಲವು ಸಾವಿರ ಕಿಲೋಮೀಟರ್‌ನಲ್ಲಿ ಸ್ವಲ್ಪ ಹಿಗ್ಗುತ್ತದೆ. ಸುಮಾರು 3,000 ಕಿ.ಮೀ. ಆದ ಮೇಲೆ ಮತ್ತೆ ಒಯ್ದು ಬಿಗಿ ಮಾಡಿಸಲೇಬೇಕು. ಈ ಎರಡನೇ ಭೇಟಿಯನ್ನು ಮರೆಯುವವರೇ ಹೆಚ್ಚು.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಹೊಸದಾಗಿ ಅದುರಲು ಶುರುವಾದರೆ ಬ್ಯಾಲೆನ್ಸ್ ಶಾಫ್ಟ್ ಒಂದು ಹಲ್ಲು ಆಚೀಚೆ ಕೂತಿದೆ ಎಂದರ್ಥ. ಒಪ್ಪಿಕೊಂಡು ಮನೆಗೆ ತರಬೇಡಿ.

ಬೆಲ್ಟ್‌ನಷ್ಟೇ ಬೇಗ ನೋಡಬೇಕಾದ್ದು ಪೆಟ್ರೋಲ್ ಹೋಸ್‌ಗಳು. ಬೆಲ್ಟ್ ಹೋದರೆ ಎಂಜಿನ್ ಹೋಗುತ್ತದೆ, ಹೋಸ್ ಹೋದರೆ ಕಾರೇ ಹೋಗುತ್ತದೆ. ಇದು ಇಂಜೆಕ್ಷನ್ ಎಂಜಿನ್. ಪೈಪ್‌ನಲ್ಲಿ ಪೆಟ್ರೋಲ್ ಸುಮಾರು 2.5 ಬಾರ್ ಒತ್ತಡದಲ್ಲಿ ಇರುತ್ತದೆ. ಸಣ್ಣ ಬಿರುಕು ಬಿದ್ದರೂ ತೊಟ್ಟಿಕ್ಕುವುದಿಲ್ಲ, ಚಿಮ್ಮುತ್ತದೆ. ಅದೂ ಬಿಸಿ ಎಂಜಿನ್ ಪಕ್ಕದಲ್ಲಿ. ಎಂಭತ್ತರ ದಶಕದ ರಬ್ಬರ್ ಎಥೆನಾಲ್ ಬೆರೆತ ಪೆಟ್ರೋಲ್‌ಗಾಗಿ ಮಾಡಿದ್ದಲ್ಲ. ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನಿಂದ ಬಿರುಕು ಬಿಟ್ಟಿರಬಹುದು. ಹಾಗಾಗಿ ನೋಡಿ ತೀರ್ಮಾನಿಸುವುದು ಬೇಡ, ಟ್ಯಾಂಕ್‌ನಿಂದ ಎಂಜಿನ್‌ವರೆಗೆ ರಬ್ಬರ್ ಇರುವ ಪ್ರತಿ ತುಂಡನ್ನೂ ಬದಲಿಸಿ. ಬಿಡಿ ಹೋಸ್ ಕೊಳ್ಳುವಾಗ ಮೈಮೇಲೆ ‘ಜೆ30 ಆರ್9’ ಎಂಬ ಗುರುತು ಇದೆಯಾ ನೋಡಿ, ಅದು ಇಂಜೆಕ್ಷನ್ ಒತ್ತಡಕ್ಕೆ ಮಾಡಿದ ದರ್ಜೆ. ಕಾರ್ಬುರೇಟರ್ ಕಾರಿನ ಹೋಸ್ ಇಲ್ಲಿ ನಡೆಯುವುದಿಲ್ಲ. ಹಿಂದೆ ಟ್ಯಾಂಕ್ ಹತ್ತಿರ ಇರುವ ಫಿಲ್ಟರ್ ಕೂಡ ಹೊಸದಿರಲಿ. ನಾಲ್ಕು ವರ್ಷ ನಿಂತ ಕಾರಿನ ಪೆಟ್ರೋಲ್ ಪೂರ್ತಿ ತೆಗೆದು ಹೊಸದು ಹಾಕಿ. ಒಂದು ಸಣ್ಣ ಫೈರ್ ಎಕ್ಸ್‌ಟಿಂಗ್ವಿಷರ್ ಸೀಟಿನ ಕೈಗೆಟುಕುವಲ್ಲಿ ಇರಲಿ. ಡಿಕ್ಕಿಯಲ್ಲಿಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ.

ಬ್ರೇಕ್ ವಿಷಯ ಸ್ವಲ್ಪ ಸರಳ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಇದೆ, ಒಳ್ಳೆಯ ಬ್ರೇಕ್. ನಿಂತ ಕಾರಿನಲ್ಲಿ ಕೆಡುವುದು ಮೂರು: ಬ್ರೇಕ್ ಆಯಿಲ್, ರಬ್ಬರ್ ಹೋಸ್, ಕ್ಯಾಲಿಪರ್ ಜಾರುವ ಪಿನ್‌ಗಳು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಕುಡಿದ ಆಯಿಲ್‌ಗೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಈ ವ್ಯತ್ಯಾಸವೇ ಪೆಡಲ್ ನೆಲಕ್ಕೆ ಇಳಿಯುವುದಕ್ಕೂ ಇಳಿಯದಿರುವುದಕ್ಕೂ ಕಾರಣ. ಹಳೆಯದನ್ನು ಪೂರ್ತಿ ತೆಗೆಸಿ, ಮುಂದೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ಈ ಕಾರಿನ ಕ್ಲಚ್ ಕೂಡ ಅದೇ ಡಬ್ಬಿಯ ಆಯಿಲ್ ಕುಡಿಯುತ್ತದೆ, ಅದರ ಲೈನ್ ಸಹ ಬ್ಲೀಡ್ ಮಾಡಿಸಿ, ಅಂದರೆ ಒಳಗಿನ ಗಾಳಿ ಹೊರಗೆ ತೆಗೆಸಿ. ರಬ್ಬರ್ ಹೋಸ್ ಒಳಗೇ ಊದಿಕೊಂಡರೆ ಒತ್ತಡ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬ್ರೇಕ್ ಬಿಟ್ಟರೂ ಆ ಚಕ್ರ ಹಿಡಿದುಕೊಂಡೇ ಇರುತ್ತದೆ. ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ, ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಅಲ್ಲೇ ತೊಂದರೆ.

ಟೈರ್‌ನ ಗೆರೆಗಳ ಆಳ ಎಷ್ಟು ಉಳಿದಿದೆ ಅಂತ ನೋಡಬೇಡಿ, ವಯಸ್ಸು ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2314 ಅಂದರೆ 2014ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಒಂದು ಮೈಲಿಯೂ ಓಡಿಸಬೇಡಿ. ಹತ್ತು ವರ್ಷ ದಾಟಿದ್ದು ಹೊಸದರಂತೆ ಕಂಡರೂ ತೆಗೆಯಿರಿ. ಸ್ಟೆಪ್ನಿ ಕೂಡ.

ಇನ್ನು ಆಯಿಲ್ ಮತ್ತು ಕೂಲೆಂಟ್. ಗಟ್ಟಿ ಆಯಿಲ್ ಕೇಳಿದ್ದೀರಿ. ಬಿಸಿ ಹವೆಯಲ್ಲಿ 20ಡಬ್ಲ್ಯು-50 ಎಂಬ ಗಟ್ಟಿತನದ ದರ್ಜೆ ಈ ಎಂಜಿನ್‌ಗೆ ಒಗ್ಗುತ್ತದೆ, ಅದಕ್ಕಿಂತ ಗಟ್ಟಿ ಬೇಡ. ಗಟ್ಟಿ ಆಯಿಲ್ ಸವೆದ ಎಂಜಿನ್ ಅನ್ನು ಸರಿ ಮಾಡುವುದಿಲ್ಲ, ಗೇಜ್‌ನ ಮುಳ್ಳನ್ನು ಮಾತ್ರ ಮೇಲಕ್ಕೆ ತೋರಿಸುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಮೇಲಿನವರೆಗೆ ಏರಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಸವೆತ ಹೆಚ್ಚಾಗುವುದೇ ಆಗ. ಗಟ್ಟಿತನಕ್ಕಿಂತ ಮುಖ್ಯ ಜಿಂಕ್. ಈ ಎಂಜಿನ್‌ನಲ್ಲಿ ಕ್ಯಾಮ್ ಉಬ್ಬು, ವಾಲ್ವ್ ಒತ್ತುವ ಟ್ಯಾಪೆಟ್ ಮೇಲೆ ನೇರವಾಗಿ ಉಜ್ಜಿಕೊಂಡು ಹೋಗುತ್ತದೆ. ಜಿಂಕ್ ಮತ್ತು ಫಾಸ್ಫರಸ್ ಸೇರಿದ ಒಂದು ರಾಸಾಯನಿಕ ಅಲ್ಲಿ ತೆಳು ಪದರವಾಗಿ ಕಾಪಾಡುತ್ತದೆ. ಇಂದಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಎಂದು ಹೊಸ ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಕ್ಲಾಸಿಕ್ ಕಾರುಗಳಿಗೆಂದೇ ಮಾಡಿದ ಆಯಿಲ್ ಕೊಂಡರೆ ಈ ತಲೆನೋವು ಇಲ್ಲ.

ಎಂಜಿನ್ ಫ್ಲಶ್ ಎಂದು ಡಬ್ಬಿ ಮಾರುತ್ತಾರಲ್ಲ, ಅದನ್ನು ಹಾಕಬೇಡಿ. ಹಳೆಯ ಮಡ್ಡಿ ಒಮ್ಮೆಗೇ ಕಳಚಿ ಆಯಿಲ್ ಹೋಗುವ ಸಣ್ಣ ದಾರಿಗಳಿಗೆ ಬಂದು ಕೂರಬಹುದು. 944ರ ಎರಡನೇ ಕನೆಕ್ಟಿಂಗ್ ರಾಡ್ (ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ಕೋಲು) ಬೇರಿಂಗ್ ಮೊದಲೇ ಹೆಸರು ಕೆಡಿಸಿಕೊಂಡಿದೆ. ಆಯಿಲ್ ಕಮ್ಮಿಯಾದರೆ ಮೊದಲು ಹೋಗುವುದು ಅದೇ. ಒಳಗೆ ಕೊಳೆ ಇದ್ದರೆ ನಿಧಾನವಾಗಿ ತೆಗೆಯೋಣ. ಈಗ ಬದಲಿಸಿ, ಬೆಲ್ಟ್ ಕೆಲಸ ಮುಗಿದು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬದಲಿಸಿ. ಎರಡೂ ಸಲ ಹಳೆಯ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬೆಳಕಿಗೆ ಹಿಡಿದು ನೋಡಲು ಹೇಳಿ. ಹೊಳೆಯುವ ಚೂರುಗಳಿದ್ದರೆ ಬೇರಿಂಗ್ ಸವೆಯುತ್ತಿದೆ. ಎಂಜಿನ್ ಬಗ್ಗೆ ಇದಕ್ಕಿಂತ ನಂಬಬಹುದಾದ ವರದಿ ಸುಲಭಕ್ಕೆ ಸಿಗುವುದಿಲ್ಲ. ಅಳತೆ ಕಡ್ಡಿಯಲ್ಲಿ ಆಯಿಲ್ ಯಾವಾಗಲೂ ಮೇಲಿನ ಗೆರೆಯ ಹತ್ತಿರ ಇರಲಿ. ಡ್ಯಾಶ್‌ಬೋರ್ಡ್‌ನಲ್ಲಿ ಆಯಿಲ್ ಪ್ರೆಷರ್ ಗೇಜ್ ಕೊಟ್ಟಿದ್ದಾರೆ, 5 ಬಾರ್‌ವರೆಗೆ ಗುರುತು ಇದೆ. ಎಂಜಿನ್ ಬಿಸಿಯಾಗಿ ಜೋರಾಗಿ ಓಡುವಾಗ ಮುಳ್ಳು 4ರ ಆಸುಪಾಸು ಇದ್ದರೆ ನೆಮ್ಮದಿ.

ಕೂಲೆಂಟ್ ಡಬ್ಬಿಯ ಮುಚ್ಚಳ ತೆರೆದು ಒಳಗೆ ನೋಡಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ. ಒಳಗೆ ಕಂದು ಬಣ್ಣದ ಜಿಗುಟು ಮೆತ್ತಿಕೊಂಡಿದ್ದರೆ ಆಯಿಲ್ ಕೂಲೆಂಟ್‌ಗೆ ಬೆರೆಯುತ್ತಿದೆ. ಹೆಚ್ಚಿನ ಮೆಕ್ಯಾನಿಕ್‌ಗಳು ಕೂಡಲೇ ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು’ ಅನ್ನುತ್ತಾರೆ. ಈ ಕಾರಿನಲ್ಲಿ ಅವಸರಪಡಬೇಡಿ. ಎಂಜಿನ್ ಪಕ್ಕದಲ್ಲೇ ಕೂಲೆಂಟ್‌ನಿಂದ ಆಯಿಲ್ ತಣಿಸುವ ಒಂದು ಆಯಿಲ್ ಕೂಲರ್ ಇದೆ. ಅದರ ರಬ್ಬರ್ ಸೀಲ್‌ಗಳು ವಯಸ್ಸಾದಂತೆ ಸೋಲುವುದು 944ರ ಹಳೆಯ ಕಾಯಿಲೆ. ಆಯಿಲ್ ಒತ್ತಡ ಹೆಚ್ಚು, ಕೂಲೆಂಟ್ ಒತ್ತಡ ಕಡಿಮೆ, ಹಾಗಾಗಿ ಎಂಜಿನ್ ಓಡುವಾಗ ಆಯಿಲ್ ಆ ಕಡೆ ನುಗ್ಗುತ್ತದೆ. ಸೀಲ್‌ಗಳು ಹೆಡ್ ಗ್ಯಾಸ್ಕೆಟ್ ಕೆಲಸಕ್ಕಿಂತ ತುಂಬಾ ಅಗ್ಗ. ಸೋರುತ್ತಿದ್ದರೆ ಈಗಲೇ ಹಾಕಿಸಿ, ಜೊತೆಗೆ ಕೂಲೆಂಟ್ ಹೋಸ್‌ಗಳನ್ನೂ ಬದಲಿಸಿ, ಆಯಿಲ್ ಕುಡಿದ ಹೋಸ್ ಮತ್ತೆ ಗಟ್ಟಿಯಾಗುವುದಿಲ್ಲ.

ವಾಟರ್ ಪಂಪ್ ಹೇಗಿದ್ದರೂ ಬಿಚ್ಚುತ್ತಾರೆ, ಥರ್ಮೋಸ್ಟಾಟ್ ಕೂಡ ಹೊಸದಿರಲಿ. ಕೂಲೆಂಟ್ ಅಲ್ಯೂಮಿನಿಯಂ ಎಂಜಿನ್‌ಗೆ ಆಗುವ, ಫಾಸ್ಫೇಟ್ ಇಲ್ಲದ್ದು. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರು ಬೇಡ. ತುಂಬಿಸುವಾಗ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮುಂದಿನ ಬ್ಲೀಡ್ ಸ್ಕ್ರೂ ಬಿಚ್ಚಿ ಗಾಳಿ ಹೊರಗೆ ಬಿಡಬೇಕು. ಗಾಳಿ ಒಳಗೆ ಉಳಿದರೆ ಎಲ್ಲ ಹೊಸದಾಗಿದ್ದರೂ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಕೊನೆಗೆ ನಿಂತಲ್ಲೇ ಎಂಜಿನ್ ಓಡಿಸಿ ರೇಡಿಯೇಟರ್ ಫ್ಯಾನ್ ತಾನಾಗಿ ಶುರುವಾಗುವವರೆಗೆ ಕಾಯಿರಿ. ಮುಳ್ಳು ಮೇಲಿನ ಬಿಳಿ ಗೆರೆ ದಾಟಿದರೂ ಫ್ಯಾನ್ ತಿರುಗದಿದ್ದರೆ ಎಂಜಿನ್ ಆಫ್ ಮಾಡಿ, ರೇಡಿಯೇಟರ್‌ನ ಥರ್ಮೋ ಸ್ವಿಚ್ ನೋಡಿಸಿ.

ಮುಂದಿನ ಸಸ್ಪೆನ್ಷನ್‌ನಲ್ಲಿ ಒಂದೇ ಒಂದು ಭಾಗದ ಬಗ್ಗೆ ಎಚ್ಚರಿಸುತ್ತೇನೆ. ಚಕ್ರವನ್ನು ಕಾರಿಗೆ ಹಿಡಿದಿಡುವ ಕೆಳಗಿನ ಕಂಟ್ರೋಲ್ ಆರ್ಮ್ ನಿಮ್ಮ ಕಾರಿನಲ್ಲಿ ಅಲ್ಯೂಮಿನಿಯಂನದು, ಅದು ಚಕ್ರದ ಕಡೆಗೆ ಸೇರುವ ಬಾಲ್ ಜಾಯಿಂಟ್ ಅದರೊಳಗೇ ಕೂತಿದೆ. ಕಂಪನಿ ಲೆಕ್ಕದಲ್ಲಿ ಜಾಯಿಂಟ್ ಮಾತ್ರ ಬದಲಿಸುವಂತಿಲ್ಲ, ಆರ್ಮ್ ಪೂರ್ತಿ ಹಾಕಬೇಕು. ರಿಪೇರಿ ಕಿಟ್‌ಗಳು ಹೊರಗೆ ಸಿಗುತ್ತವೆ. ರಬ್ಬರ್ ಬೂಟ್ ಹರಿದಿದ್ದರೆ, ಜಾಯಿಂಟ್ ಆಡುತ್ತಿದ್ದರೆ ಬಿಡಬೇಡಿ, ಇದು ಮುರಿದರೆ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಬಿಡಿಭಾಗ ತರಿಸುವಾಗ 1986ರದ್ದೇ ಎಂದು ಒತ್ತಿ ಹೇಳಿ, 1987ರಿಂದ ಜಾಯಿಂಟ್‌ನ ಪಿನ್ ದಪ್ಪ ಬದಲಾಗಿದೆ. ಹಿಂದಿನವರು ಸ್ಟೈಲ್‌ಗಾಗಿ ಕಾರನ್ನು ಕೆಳಗಿಳಿಸಿದ್ದರೆ ಮೊದಲಿನ ಎತ್ತರಕ್ಕೆ ತನ್ನಿ. ಕೆಳಗಿಳಿಸಿದಾಗ ಈ ಜಾಯಿಂಟ್ ಅದಕ್ಕೆ ಮಾಡಿರದ ಕೋನದಲ್ಲಿ ಕೆಲಸ ಮಾಡಬೇಕಾಗುತ್ತದೆ.

ಎಲೆಕ್ಟ್ರಿಕಲ್ ವಿಷಯದಲ್ಲಿ ದೊಡ್ಡ ಕೆಲಸ ಬೇಡ. ಡಿಎಂಇ ರಿಲೇ ಎಂಬ ಒಂದು ಚಿಕ್ಕ ಡಬ್ಬಿ ಇದೆ. ಎಂಜಿನ್ ಕಂಪ್ಯೂಟರ್‌ಗೂ ಪೆಟ್ರೋಲ್ ಪಂಪ್‌ಗೂ ಕರೆಂಟ್ ಹೋಗುವುದು ಅದರಿಂದ. ಒಳಗಿನ ಬೆಸುಗೆ ಬಿರುಕು ಬಿಟ್ಟು ಅದು ಕೈಕೊಡುತ್ತದೆ, ಹೆಚ್ಚಾಗಿ ಬಿಸಿಯಾದಾಗ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದವರಂತೆ ಸ್ಟಾರ್ಟ್ ಆಗುತ್ತದೆ. ಹೊಸದು ಹಾಕಿ, ಹಳೆಯದು ಇನ್ನೂ ಕೆಲಸ ಮಾಡುತ್ತಿದ್ದರೆ ಗ್ಲವ್ ಬಾಕ್ಸ್‌ನಲ್ಲಿ ಇಡಿ. ರಿಲೇ ಸರಿ ಇದ್ದೂ ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲುಗುತ್ತದಾ ನೋಡಿ. ಅಲುಗದಿದ್ದರೆ ಕ್ಲಚ್ ಹೌಸಿಂಗ್ ಮೇಲಿರುವ ಎರಡು ಸೆನ್ಸರ್‌ಗಳ ಕಡೆ ಅನುಮಾನ ಹೋಗಬೇಕು. ಅವುಗಳ ಪ್ಲಾಸ್ಟಿಕ್ ಕನೆಕ್ಟರ್ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತದೆ, ಎಳೆಯಬೇಡಿ.

ಬ್ಯಾಟರಿಯನ್ನು ಎತ್ತಿ ಕೆಳಗಿನ ತಟ್ಟೆ ನೋಡಿ. 944ರ ಬಾಡಿ ಗ್ಯಾಲ್ವನೈಸ್ ಮಾಡಿದ್ದು, ತುಕ್ಕಿನ ಕಾಟ ಆ ಕಾಲದ ಬೇರೆ ಕಾರುಗಳಿಗಿಂತ ಕಡಿಮೆ. ಆದರೆ ಬ್ಯಾಟರಿ ಆ್ಯಸಿಡ್ ಸೋರಿದ ಕಡೆ ಅದೂ ತಡೆಯುವುದಿಲ್ಲ. ತಟ್ಟೆ ತೂತಾದರೆ ಮಳೆ ನೀರು ನೇರ ಕಾರಿನೊಳಗೆ ಇಳಿಯುತ್ತದೆ. ಕಾಲಡಿಯ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ. ಒದ್ದೆ ಇದ್ದರೆ ಬ್ಯಾಟರಿ ತಟ್ಟೆ, ಸನ್‌ರೂಫ್‌ನ ನೀರು ಹೋಗುವ ಪೈಪ್, ಹಿಂದಿನ ಗಾಜು, ಈ ಮೂರನ್ನು ಹುಡುಕಿ. ಹಿಂದಿನ ಗಾಜು ಚೌಕಟ್ಟಿಗೆ ಅಂಟಿಸಿದ್ದು, ವಯಸ್ಸಾದ ಮೇಲೆ ಬಿಟ್ಟುಕೊಳ್ಳುತ್ತದೆ. ಗಾಜಿನ ನಡುವೆ ಕೈಯಿಟ್ಟು ಧಡ್ ಎಂದು ಮುಚ್ಚಬೇಡಿ, ಎರಡೂ ಬದಿಯ ಚೌಕಟ್ಟು ಹಿಡಿದು ಒತ್ತಿ.

ಗೇರ್‌ಬಾಕ್ಸ್ ಆಯಿಲ್ ಬದಲಿಸುವವರಿಗೆ ಒಂದು ಮಾತು: ಮೊದಲು ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದಾ ನೋಡಿ, ಆಮೇಲೆ ಕೆಳಗಿನದು ತೆಗೆಯಿರಿ. ಇದ್ದ ಆಯಿಲ್ ಹೊರಗೆ ಬಿಟ್ಟು, ಮೇಲಿನ ಬೋಲ್ಟ್ ಜಾಮ್ ಆಗಿದ್ದರೆ ಕಾರು ಅಲ್ಲೇ ನಿಲ್ಲುತ್ತದೆ.

ಕ್ಲಚ್ ಮಾತ್ರ ಮುಂಜಾಗ್ರತೆಗೆ ಎಂದು ಬಿಚ್ಚಿಸಬೇಡಿ. ಗೇರ್‌ಬಾಕ್ಸ್ ಹಿಂದೆ ಇರುವುದರಿಂದ ಸೈಲೆನ್ಸರ್ ಪೈಪ್, ಗೇರ್‌ಬಾಕ್ಸ್, ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಕೊಳವೆಯಾದ ಟಾರ್ಕ್ ಟ್ಯೂಬ್ ಎಲ್ಲ ಸರಿಸಿದ ಮೇಲೆ ಕ್ಲಚ್ ಕೈಗೆ ಸಿಗುತ್ತದೆ. ಕೆಲಸದ ಕೂಲಿಯೇ ದೊಡ್ಡದು. ಹಳೆಯ ಕ್ಲಚ್ ಪ್ಲೇಟ್‌ನ ನಡುವೆ ರಬ್ಬರ್ ಇರುತ್ತದೆ, ಅದು ಒಂದು ದಿನ ಹರಿಯುತ್ತದೆ ನಿಜ. ಹರಿದಾಗ ಗೇರ್ ಹಾಕಿ ಹೊರಡುವಾಗ ಧಡಕ್ ಎನ್ನುತ್ತದೆ, ಚೂರುಗಳು ಸಿಕ್ಕಿಕೊಂಡು ಗೇರ್ ಬೀಳದಿರಬಹುದು. ಎಂಜಿನ್ ಹಾಳಾಗುವುದಿಲ್ಲ. ಆ ದಿನ ಬಂದಾಗ ಸ್ಪ್ರಿಂಗ್ ಇರುವ ಪ್ಲೇಟ್ ಹಾಕಿಸಿ, ಆ ಎರಡು ಸೆನ್ಸರ್‌ಗಳನ್ನೂ ಹಿಂದಿನ ಕ್ರ್ಯಾಂಕ್ ಸೀಲ್ ಅನ್ನೂ ಅದೇ ಬಿಚ್ಚುವಿಕೆಯಲ್ಲಿ ಮುಗಿಸಿ.

ಇಷ್ಟು ಕೆಲಸ ಆದ ಮೇಲೆ ಮೊದಲ ಕೆಲವು ವಾರ ಊರೊಳಗೇ, ಮನೆಯಿಂದ ದೂರ ಹೋಗದೆ ಓಡಿಸಿ. ಪ್ರತಿ ಸಲ ನಿಲ್ಲಿಸಿದಾಗ ಕೆಳಗೆ ಒಂದು ಅಗಲವಾದ ರಟ್ಟು ಹಾಸಿ, ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣ ಎಂದು ನೋಡಿ. ಪೆಟ್ರೋಲ್ ವಾಸನೆ ಬಂದರೆ ಮಾತ್ರ ಯೋಚಿಸದೆ ಎಂಜಿನ್ ಆಫ್ ಮಾಡಿ. ಉಳಿದದ್ದೆಲ್ಲ ಬರೆದಿಟ್ಟು ಒಟ್ಟಿಗೆ ನೋಡಿಸಬಹುದು.

ಚಿಪ್? ಬೇಡ. ಟರ್ಬೊ ಎಂಜಿನ್ ಆದರೆ ಚಿಪ್ ಗಾಳಿಯ ಒತ್ತಡ ಏರಿಸಿ ಶಕ್ತಿ ಕೊಡುತ್ತದೆ. ಸಾದಾ 944ರಲ್ಲಿ ಏರಿಸಲು ಒತ್ತಡವೇ ಇಲ್ಲ, ಸ್ಪಾರ್ಕ್ ಬೇಗ ಕೊಟ್ಟು ಅಲ್ಪಸ್ವಲ್ಪ ಗಿಟ್ಟಿಸಬೇಕು. ಪೆಟ್ರೋಲ್ ಗುಣಮಟ್ಟ ಕಡಿಮೆ ಇದ್ದರೆ ಅದೇ ಎಂಜಿನ್ ಬಡಿತಕ್ಕೆ ಕಾರಣ. ಆ ದುಡ್ಡನ್ನು ಎಂಜಿನ್ ಕೂತಿರುವ ಆಧಾರಗಳಾದ ಎಂಜಿನ್ ಮೌಂಟ್‌ಗಳಿಗೆ ಇಡಿ. ಒಳಗೆ ದ್ರವ ತುಂಬಿದ ಮೌಂಟ್‌ಗಳು ಇವು. ಸೈಲೆನ್ಸರ್ ಕಡೆಯದು ಬಿಸಿಗೆ ಬೇಗ ಕುಸಿಯುತ್ತದೆ. ನಿಂತಾಗ ಸ್ಟೀರಿಂಗ್ ಸಣ್ಣಗೆ ನಡುಗುತ್ತಿದ್ದರೆ ಬಹುಶಃ ಅದೇ ಕಾರಣ. ಒಂದನ್ನೇ ಹಾಕಬೇಡಿ, ಎರಡನ್ನೂ ಒಟ್ಟಿಗೆ ಹಾಕಿಸಿ, ಇಲ್ಲದಿದ್ದರೆ ಎಂಜಿನ್ ಒಂದು ಕಡೆಗೆ ವಾಲಿ ಹೊಸದೂ ಬೇಗ ಕೂರುತ್ತದೆ.